ಸರ್ವರ್ ನೆಟ್‌ವರ್ಕ್ ಡಿಸೈನ್ ಕಲಿಯೋಕೆ ಕ್ಲಾಸೋ, ವಿಡಿಯೋನೋ, ಸ್ವಂತ ಲ್ಯಾಬೋ?

ಮೂರನ್ನೂ ಬಳಸಿ ನೋಡಿದ್ದೇನೆ. ನನ್ನ ಓಟು ಸ್ವಂತ ಲ್ಯಾಬ್‌ಗೆ. ಹಳೇ ಕಂಪ್ಯೂಟರ್‌ಗೆ ರ‍್ಯಾಮ್ ಹೆಚ್ಚಿಸಿ, ಹೈಪರ್-ವಿ (ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಕಂಪ್ಯೂಟರ್ ಓಡಿಸುವ ಮೈಕ್ರೋಸಾಫ್ಟ್ ತಂತ್ರಾಂಶ) ಹಾಕಿ, ಅದರೊಳಗೆ ಒಂದು ಮುಖ್ಯ ಕಚೇರಿ, ಒಂದು ಶಾಖೆ, ನಡುವೆ ರೂಟರ್ ಕಟ್ಟಿಕೊಂಡಿದ್ದೇನೆ. ಬರೀ ಇನ್‌ಸ್ಟಾಲ್ ಮಾಡೋದು ಕಲಿಯಬೇಕಿದ್ದರೆ ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ಡಿಸೈನ್ ಅಂದಾಗ ಹಾಗಲ್ಲ.

ದುಡ್ಡು ಕೊಟ್ಟು ಸೇರಿದ ಕ್ಲಾಸಿನಲ್ಲಿ ನನ್ನನ್ನು ಕಾಡಿದ್ದು ಒಂದೇ ವಿಷಯ: ಆ ದಿನದ ಅವಧಿ ಮುಗಿದ ಕೂಡಲೇ ಕ್ಲೌಡ್ ಲ್ಯಾಬ್ ಅಳಿಸಿಹೋಗುತ್ತಿತ್ತು. ಮರುದಿನ ಮತ್ತೆ ಹೊಸ ಡೊಮೇನ್ (ಒಂದೇ ಆಡಳಿತದಡಿ ಬರುವ ಯೂಸರ್, ಕಂಪ್ಯೂಟರ್‌ಗಳ ಗುಂಪು). ಇದೇನು ಮಹಾ ಅನ್ನಿಸಬಹುದು. ಆದರೆ ಯೂಸರ್, ಕಂಪ್ಯೂಟರ್‌ಗಳ ದಾಖಲೆ ಇಡುವ ವಿಂಡೋಸ್ ವ್ಯವಸ್ಥೆಯಾದ ಆಕ್ಟಿವ್ ಡೈರೆಕ್ಟರಿಯಲ್ಲಿ ಎರಡು ಸೈಟ್‌ಗಳ (ಕಚೇರಿ ಜಾಗಗಳ) ನಡುವಿನ ರೆಪ್ಲಿಕೇಶನ್ (ಬದಲಾವಣೆಗಳನ್ನು ನಕಲಿಸಿಕೊಳ್ಳುವ) ಅವಧಿ ಡಿಫಾಲ್ಟ್ ಆಗಿ 180 ನಿಮಿಷ. ಇಳಿಸಿದರೂ 15ಕ್ಕಿಂತ ಕೆಳಗೆ ಹೋಗದು. ಮುಖ್ಯ ಕಚೇರಿಯಲ್ಲಿ ಸೇರಿಸಿದ ಹೊಸ ಯೂಸರ್ ಶಾಖೆಯ ಡೊಮೇನ್ ಕಂಟ್ರೋಲರ್‌ಗೆ (ಆ ದಾಖಲೆಯ ಪ್ರತಿ ಇಟ್ಟು ಲಾಗಿನ್ ಪರಿಶೀಲಿಸುವ ಸರ್ವರ್‌ಗೆ) ತಲುಪಲು ಮೂರು ಗಂಟೆ ಬೇಕಾಗಬಹುದು. ಕ್ಲಾಸಿನಲ್ಲಿ ಒಂದು ಕಮಾಂಡ್ ಕೊಟ್ಟು ಒತ್ತಾಯದಿಂದ ಸಿಂಕ್ ಮಾಡಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದರು. ಆ ಕಾಯುವಿಕೆ ಅನುಭವಕ್ಕೇ ಬರದಿದ್ದರೆ, ಈ ಲಿಂಕ್‌ಗೆ 15 ಇಡಬೇಕೋ 180 ಸಾಕೋ ಅನ್ನೋ ಪ್ರಶ್ನೆ ತಲೆಗೆ ಬರುವುದಾದರೂ ಹೇಗೆ?

ಕಂಪ್ಯೂಟರ್‌ಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯದೂ ಇದೇ ಕಥೆ. ವಿಂಡೋಸ್ ಸರ್ವರ್‌ನಲ್ಲಿ ಲೀಸ್ (ಒಂದು ವಿಳಾಸ ಕೊಟ್ಟಿರುವ ಅವಧಿ) ಡಿಫಾಲ್ಟ್ 8 ದಿನ, ಅರ್ಧ ಅವಧಿ ಕಳೆದ ಮೇಲೆ ರಿನ್ಯೂಗೆ ಪ್ರಯತ್ನ. ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್‌ನ ಹಳೇ ದಾಖಲೆ ಗುಡಿಸುವ ಲೆಕ್ಕ ಡಿಫಾಲ್ಟ್ ಆಗಿ 7 ದಿನ, ಅದರ ಮೇಲೆ ಇನ್ನೊಂದು 7. ಲೀಸ್ ಚಿಕ್ಕದು, ಗುಡಿಸುವ ಅವಧಿ ದೊಡ್ಡದು ಆದರೆ ಒಂದೇ ಐಪಿಗೆ ಎರಡು ಹೆಸರು ಉಳಿದುಬಿಡುತ್ತವೆ. ಇದು ಕಾಣಿಸಿಕೊಳ್ಳೋದು ವಾರಗಟ್ಟಲೆ ಓಡಿದ ನೆಟ್‌ವರ್ಕ್‌ನಲ್ಲಿ ಮಾತ್ರ. ಸಂಜೆಗೆ ಅಳಿಸುವ ಲ್ಯಾಬ್ ಇದನ್ನು ಯಾವತ್ತೂ ತೋರಿಸುವುದಿಲ್ಲ.

ವಿಡಿಯೋ ಕೋರ್ಸ್: ಸಬ್‌ನೆಟ್ ಲೆಕ್ಕಕ್ಕೆ (ಐಪಿ ವಿಳಾಸಗಳನ್ನು ಚಿಕ್ಕ ಗುಂಪುಗಳಾಗಿ ಒಡೆಯೋದು) ಇದಕ್ಕಿಂತ ಒಳ್ಳೆಯದಿಲ್ಲ, ಅರ್ಥವಾಗುವವರೆಗೂ ಹಿಂದೆ ಓಡಿಸಬಹುದು. ಸಿಸ್ಕೋದ ನೆಟ್‌ವರ್ಕ್ ಅನುಕರಣೆ ತಂತ್ರಾಂಶ ಪ್ಯಾಕೆಟ್ ಟ್ರೇಸರ್, ವಿಲ್ಯಾನ್ (ಒಂದೇ ಸ್ವಿಚ್ಚನ್ನು ಬೇರೆ ಬೇರೆ ನೆಟ್‌ವರ್ಕ್‌ಗಳಾಗಿ ಒಡೆಯೋದು), ರೂಟಿಂಗ್ ಅಭ್ಯಾಸಕ್ಕೆ ಚೆನ್ನ. ಆಕ್ಟಿವ್ ಡೈರೆಕ್ಟರಿ ಅದರಲ್ಲಿ ಇಲ್ಲ.

ಸ್ವಂತ ಲ್ಯಾಬಿನಲ್ಲಿ ನನಗೆ ಅತಿ ಇಷ್ಟವಾದದ್ದು ಕೆಡಿಸಿ ನೋಡುವ ಸ್ವಾತಂತ್ರ್ಯ. ನಡುವಿನ ರೂಟರ್ ಆಫ್ ಮಾಡಿ ನೋಡಿ. ಶಾಖೆಯ ಕಂಪ್ಯೂಟರ್‌ಗಳಿಗೆ ಮುಖ್ಯ ಕಚೇರಿಯ ಡಿಎನ್‌ಎಸ್ ಒಂದನ್ನೇ ಕೊಟ್ಟಿದ್ದರೆ, ಶಾಖೆಯಲ್ಲೇ ಇರುವ ಫೈಲ್ ಸರ್ವರ್‌ನ ಪೂರ್ತಿ ಹೆಸರು ಹೊಡೆದರೂ ಸಿಗದೇ ಹೋಗಬಹುದು. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಶಾಖೆಗೊಂದು ಡಿಎನ್‌ಎಸ್ ಇಡೋದನ್ನು ಮರೆಯಲ್ಲ. ಲೈಸೆನ್ಸ್ ಚಿಂತೆಯೂ ಇಲ್ಲ, ವಿಂಡೋಸ್ ಸರ್ವರ್‌ನ ಮೌಲ್ಯಮಾಪನ ಆವೃತ್ತಿ 180 ದಿನ ಓಡುತ್ತದೆ.

ಕೊರತೆಯೂ ಇದೆ: ನಿಮ್ಮ ನಕ್ಷೆಯನ್ನು ಪ್ರಶ್ನಿಸುವವರು ಯಾರೂ ಇರುವುದಿಲ್ಲ. ಕ್ಲಾಸಿನಲ್ಲಿ ವೈಟ್‌ಬೋರ್ಡ್ ಮೇಲೆ ನಾನು ಬರೆದ ಐಪಿ ಯೋಜನೆಗೆ ಸಹಪಾಠಿಯೊಬ್ಬರು, "ಮುಂದೆ ಇನ್ನೊಂದು ಶಾಖೆ ಬಂದರೆ ಎಲ್ಲಿ ಜಾಗ?" ಅಂತ ಕೇಳಿದ್ದರು. ಅಂಥ ಪ್ರಶ್ನೆ ಯಾವ ಯಂತ್ರವೂ ಕೇಳುವುದಿಲ್ಲ. ಈಗ ನನ್ನ ನಕ್ಷೆಗಳನ್ನು ಹಿರಿಯ ಸಹೋದ್ಯೋಗಿಗೆ ತೋರಿಸುತ್ತೇನೆ.

ನಾನು ಕಲಿಯೋದು ರಾತ್ರಿ, ಬಿಡುವು ಸಿಕ್ಕಷ್ಟು ಹೊತ್ತು, ಕೈಯಿಂದ ಖರ್ಚು ಮಾಡಿ. ಅದಕ್ಕೆ ಲ್ಯಾಬೇ ಸರಿ. ಆಫೀಸೇ ಫೀಸು ಕಟ್ಟಿ ಇಡೀ ತಂಡವನ್ನು ಕಳಿಸುವುದಾದರೆ ಕ್ಲಾಸಿಗೆ ಹೋಗಿ, ಆದರೆ ದುಡ್ಡು ಕಟ್ಟುವ ಮೊದಲು ಲ್ಯಾಬ್ ಕೋರ್ಸ್ ಮುಗಿಯುವವರೆಗೂ ಉಳಿಯುತ್ತದಾ ಅಂತ ಕೇಳಿಕೊಳ್ಳಿ.