ರೈಜೋಬಿಯಮ್ಮೋ, ಮೈಕೊರೈಜಾನೋ?

ಗೊಬ್ಬರದ ಅಂಗಡಿಯಲ್ಲಿ ಎರಡೂ ಪೊಟ್ಟಣ ಅಕ್ಕಪಕ್ಕ ಇರುತ್ತವೆ. ರೈಜೋಬಿಯಂ ಗಾಳಿಯ ಸಾರಜನಕವನ್ನು ಬೆಳೆಗೆ ಹಿಡಿದುಕೊಡುವ ಬ್ಯಾಕ್ಟೀರಿಯಾ; ಮೈಕೊರೈಜಾ ಮಣ್ಣಿನ ರಂಜಕವನ್ನು ಬೇರಿಗೆ ತಲುಪಿಸುವ ಶಿಲೀಂಧ್ರ. ದುಡ್ಡು ಕೊಡುವ ಮೊದಲು ನಿಮ್ಮ ಬೆಳೆಯ ಬೇರು ಯಾರನ್ನು ಕರೆಯುತ್ತದೆ ನೋಡಿ.

ತೊಗರಿ, ಶೇಂಗಾ, ಸೋಯಾ ಆದರೆ ರೈಜೋಬಿಯಂ. ದ್ವಿದಳದ ಬೇರು ಫ್ಲೇವನಾಯ್ಡ್ ಎಂಬ ರಾಸಾಯನಿಕ ಒಸರಿ ಕರೆಯುತ್ತದೆ. ಬ್ಯಾಕ್ಟೀರಿಯಾ ನಾಡ್ ಫ್ಯಾಕ್ಟರ್ ಎಂಬ ರಾಸಾಯನಿಕದ ಉತ್ತರ ಕಳಿಸುತ್ತದೆ. ಸೋಯಾದಲ್ಲಾದರೆ ಬೇರುಗೂದಲು ಸುರುಳಿ ಸುತ್ತಿ ಬ್ಯಾಕ್ಟೀರಿಯಾವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಬೀಗಕ್ಕೆ ತಕ್ಕ ಕೀಲಿಯೇ ಬೇಕು: ಸೋಯಾದ ಪೊಟ್ಟಣ ಕಡಲೆಗೆ ಬಾರದು. ಬಿತ್ತಿ ತಿಂಗಳ ಮೇಲೆ ಒಂದು ಗಿಡ ಕಿತ್ತು, ಬೇರಿನ ಗಂಟನ್ನು ಉಗುರಲ್ಲಿ ಸೀಳಿ. ಒಳಗೆ ನಸುಗೆಂಪಿದ್ದರೆ ಸಾರಜನಕದ ಕೆಲಸ ನಡೆದಿದೆ.

ಜೋಳ, ಮೆಣಸಿನಕಾಯಿ, ಈರುಳ್ಳಿಗೆ ಮೈಕೊರೈಜಾ. ಇಲ್ಲಿ ಕರೆ ಬೇರು ಒಸರುವ ಸ್ಟ್ರೈಗೊಲ್ಯಾಕ್ಟೋನ್ ಎಂಬ ರಾಸಾಯನಿಕದ್ದು. 1966ರಲ್ಲಿ ಹತ್ತಿ ಬೇರಿನ ಒಸರಿನಿಂದ ಬೇರ್ಪಡಿಸಿದಾಗ ಅದು ಬೆಳೆಯ ಬೇರಿಗೆ ಅಂಟಿ ಸಾರ ಹೀರುವ ಸ್ಟ್ರೈಗಾ ಕಳೆಯ ಬೀಜ ಮೊಳೆಸುವ ವಸ್ತು ಎಂದಷ್ಟೇ ಗೊತ್ತಿತ್ತು. ಶಿಲೀಂಧ್ರಕ್ಕೂ ಅದೇ ಕರೆ ಎಂದು ತಿಳಿದಿದ್ದು 2005ರಲ್ಲಿ. ನೆಂಟನನ್ನು ಕೂಗಿದರೆ ಕಳ್ಳನಿಗೂ ಕೇಳಿಸಿದ ಹಾಗೆ! ಮಣ್ಣಲ್ಲಿ ರಂಜಕ ಹೆಚ್ಚಿದ್ದರೆ ಬೇರು ಕರೆಯುವುದೇ ಕಡಿಮೆ. ರಂಜಕದ ಗೊಬ್ಬರವಾದ ಡಿಎಪಿ ಸುರಿಯುವವರಿಗೆ ಈ ಖರ್ಚು ದಂಡ.

ಎಲೆಕೋಸು, ಸಾಸಿವೆಗೆ ಎರಡೂ ಬೇಡ. ಶೇಂಗಾಕ್ಕೆ ಎರಡೂ ನಡೆಯುತ್ತದೆ. ದುಡ್ಡು ಒಂದಕ್ಕೇ ಇದ್ದರೆ ನನ್ನ ಓಟು ರೈಜೋಬಿಯಂಗೆ.