ಕರ್ತನ ಪ್ರಾರ್ಥನೆಯ ಕ್ಲಾಸು: ಮೂರನೇ ವಾರ ತಪ್ಪಿಸಬೇಡಿ

ನನ್ನದು ಹುಬ್ಬಳ್ಳಿಯಲ್ಲಿ ಸಣ್ಣ ಕಿರಾಣಿ ಅಂಗಡಿ. ಈಸ್ಟರ್ ಹಬ್ಬಕ್ಕೆ ಮುಂಚಿನ ಲೆಂಟ್ ಉಪವಾಸ ಕಾಲದಲ್ಲಿ ಒಂದು ಚರ್ಚ್ ಹಾಲ್‌ನಲ್ಲಿ ಯೇಸು ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆಯ ಮೇಲೆ ನಾಲ್ಕು ಶುಕ್ರವಾರ ಕ್ಲಾಸು ನಡೆಸಿದರು. ಚಹಾ ಸೇರಿ 100 ರೂಪಾಯಿ. ಚಿಕ್ಕಂದಿನಿಂದ ಬಾಯಿಪಾಠ ಇರೋ ಪ್ರಾರ್ಥನೆಗೆ ಕ್ಲಾಸು ಯಾಕೆ ಅಂತ ಗೊಣಗಿದೆ. ಹೆಂಡತಿ ಬಿಡಲಿಲ್ಲ. ಮಗನನ್ನು ಗಲ್ಲಾದಲ್ಲಿ ಕೂರಿಸಿ ಹೋದೆ.

ಮೊದಲ ವಾರ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅನ್ನುವಲ್ಲೇ ಮುಗಿಯಿತು. ಮೈಕ್ ಕುಂಯ್ ಅನ್ನುತ್ತಿತ್ತು, ಅರ್ಧ ಕೇಳಿಸಲೇ ಇಲ್ಲ.

ಎರಡನೇ ವಾರ ‘ಅನುದಿನದ ಆಹಾರ’. ಪಾಠ ಮಾಡಿದವರು ನಿವೃತ್ತ ಶಾಲಾ ಮೇಡಂ. ‘ಅನುದಿನದ’ ಅನ್ನುವಲ್ಲಿ ಇರುವ ಮೂಲ ಗ್ರೀಕ್ ಪದ ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಈ ಪ್ರಾರ್ಥನೆ ಬಿಟ್ಟು ಬೇರೆಲ್ಲೂ ಇಲ್ಲವಂತೆ. ಇವತ್ತಿನದಾ, ನಾಳೆಯದಾ, ಬೇಕಾದಷ್ಟಾ ಅಂತ ಪಂಡಿತರಲ್ಲಿ ಇನ್ನೂ ಒಮ್ಮತ ಇಲ್ಲವಂತೆ. ನನಗೆ ನಗು ಬಂತು. ಗೌಂಡಿ ಕೆಲಸ ಮುಗಿಸಿ ಸಂಜೆ ಏಳಕ್ಕೆ ಬಂದು ಅರ್ಧ ಕಿಲೋ ಜೋಳದ ಹಿಟ್ಟು, 10 ರೂಪಾಯಿ ಎಣ್ಣೆ, ಎರಡು ಉಳ್ಳಾಗಡ್ಡಿ ಒಯ್ಯುವ ನನ್ನ ಗಿರಾಕಿಯನ್ನು ಕೇಳಿದ್ದರೆ ಅರ್ಥ ಹೇಳುತ್ತಿದ್ದ. ಎದ್ದು ಹಾಗೇ ಅಂದೆ. ಮೇಡಂ ಪುಸ್ತಕ ಮುಚ್ಚಿಟ್ಟು, "ಮುಂದ ಹೇಳ್ರಿ ಅಣ್ಣಾರ" ಅಂದರು.

ಮೂರನೇ ವಾರ ನನ್ನ ಬಾಯಿ ಕಟ್ಟಿತು. ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ’ ಅಂತ ಹೇಳುತ್ತೇವಲ್ವಾ? ಬೈಬಲಿನ ಮತ್ತಾಯನ ಸುವಾರ್ತೆಯ ಮೂಲ ಗ್ರೀಕ್‌ನಲ್ಲಿ ಆ ಜಾಗದಲ್ಲಿ ಇರೋದು ಸಾಲದ ಮಾತು. ಮೇಡಂ ಅಲ್ಲಿಂದ ಮತ್ತಾಯನ 18ನೇ ಅಧ್ಯಾಯದ ಕಥೆಗೆ ಹೋಗಿ ಲೆಕ್ಕ ಹಾಕಿಸಿದರು. ಒಬ್ಬ ಆಳಿನ ಸಾಲ 10,000 ತಲಾಂತು. ಒಂದು ತಲಾಂತು ಅಂದರೆ ಸುಮಾರು 6,000 ದಿನದ ಕೂಲಿ. ಒಟ್ಟು 6 ಕೋಟಿ ದಿನದ ಕೂಲಿ! ದಣಿ ಅಷ್ಟನ್ನೂ ಮನ್ನಾ ಮಾಡಿದ. ಅದೇ ಆಳು ಹೊರಗೆ ಬಂದು 100 ದಿನದ ಕೂಲಿ ಬಾಕಿಗೆ ಜೊತೆಯವನ ಕುತ್ತಿಗೆ ಹಿಡಿದ.

ನನಗೆ ನೆನಪಾದದ್ದು ಗಲ್ಲಾ ಪಕ್ಕದ ಉದ್ರಿ ಪುಸ್ತಕ. ಅದರಲ್ಲಿ ಒಬ್ಬ ಹುಡುಗನ ಪುಟ, ಬಾಕಿ 2,340 ರೂಪಾಯಿ. ಅವನನ್ನು ಬಸ್ ಸ್ಟಾಪಿನಲ್ಲಿ ನಾಲ್ಕು ಜನರ ಎದುರು ನಿಲ್ಲಿಸಿ ಕೇಳಿದ್ದೆ.

"ಹಂಗಾರ ಉದ್ರಿ ಎಲ್ಲಾ ಬಿಟ್ಟು ಅಂಗಡಿ ಮುಚ್ಚಲೇನ್ರಿ?" ಅಂದೆ. ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕೇಳೋದು ಬ್ಯಾರೆ, ಕುತ್ತಿಗಿ ಹಿಡಿಯೋದು ಬ್ಯಾರೆ" ಅಂದರು. ಅರ್ಧ ಒಪ್ಪಿದೆ. ಬಾಡಿಗೆ ಕಟ್ಟೋನು ನಾನು ತಾನೇ.

ನಾಲ್ಕನೇ ವಾರ ಸಪ್ಪೆ. ಪ್ರಾರ್ಥನೆಯಲ್ಲಿ ಬರುವ ಶೋಧನೆ (ಪಾಪದ ಸೆಳೆತ), ಕೇಡು ಎರಡನ್ನೂ ಅರ್ಧ ಗಂಟೆಯಲ್ಲಿ ಓಡಿಸಿ ಫೋಟೋ ತೆಗೆಸಿಕೊಂಡರು. ಕೊನೆಯ ‘ರಾಜ್ಯವೂ ಬಲವೂ ಮಹಿಮೆಯೂ’ ಸಾಲು ಅತಿ ಹಳೆಯ ಪ್ರತಿಗಳಲ್ಲಿ ಇಲ್ಲ ಅಂತ ಹೇಳಿ ಹಾಗೇ ದಾಟಿಬಿಟ್ಟರು. ಜಾಸ್ತಿ ಕೇಳಬೇಕು ಅಂತಿದ್ದೆ, ಅಷ್ಟರಲ್ಲಿ ಗಿರ್ಮಿಟ್ ಬಂತು. ಅದು ಚೆನ್ನಾಗಿತ್ತು.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಆರೂವರೆ ಅಂದು ಏಳಕ್ಕೆ ಶುರು ಮಾಡ್ತಾರೆ, ಅದು ನಮ್ಮಂಥವರ ವ್ಯಾಪಾರದ ಹೊತ್ತು. ಕೊಟ್ಟ ಹಾಳೆಯ ಅಕ್ಷರವೂ ಇರುವೆ ಗಾತ್ರ, ಕನ್ನಡಕ ಮರೆಯಬೇಡಿ.

ಆ ಹುಡುಗ ಕಳೆದ ವಾರ ಅಂಗಡಿಗೆ ಬಂದಿದ್ದ. 200 ರೂಪಾಯಿ ಕೊಟ್ಟ, ಒಂದು ಹಾಲಿನ ಪ್ಯಾಕೆಟ್ ಉದ್ರಿ ಒಯ್ದ. ಎರಡನ್ನೂ ಬರೆದುಕೊಂಡಿದ್ದೇನೆ.