ಹೆಸರು ಬೇಡ, ಪಾಲು ಮಾತ್ರ ಬೇಕು ಅನ್ನುವ ಗೆಳೆಯನ ಜೊತೆ ಅಂಗಡಿ ಇಡಬೇಡಿ

"ನನ್ನ ಹೆಸರು ಎಲ್ಲೂ ಬೇಡ ಮಗಾ, ನಾನು ಕೆಲಸದಲ್ಲಿದ್ದೀನಿ. ದುಡ್ಡು ಹಾಕ್ತೀನಿ, ಅಂಗಡಿ ನೀನು ನೋಡ್ಕೋ. ಲಾಭ ಅರ್ಧ-ಅರ್ಧ." ನಿಮಗೂ ಯಾರಾದರೂ ಹೀಗೆ ಹೇಳುತ್ತಿದ್ದರೆ, ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ.

ನಮ್ಮದು ಬೆಂಗಳೂರಿನಲ್ಲಿ ಬೇಕರಿ ಮತ್ತು ಕಾಂಡಿಮೆಂಟ್ಸ್. ಬಾಡಿಗೆ ಕರಾರು, ಟ್ರೇಡ್ ಲೈಸೆನ್ಸ್, ಗಲ್ಲಾ ಮುಂದಿನ ಕ್ಯೂಆರ್ ಕೋಡ್, ಎಲ್ಲ ನನ್ನ ಹೆಸರಲ್ಲಿ. ಅಂಗಡಿ ಅಡ್ವಾನ್ಸ್ ಮತ್ತು ಓವನ್ ದುಡ್ಡು ಮೇಲಿನ ಮಾತು ಹೇಳಿದ ಗೆಳೆಯನದು. ತಿಂಗಳ ಕೊನೆಗೆ ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಅವನ ಖಾತೆಗೆ ಹೋಗುತ್ತಿತ್ತು. ಬೆಳಗಿನ ಜಾವ ಹಾಲಿನ ಕ್ರೇಟ್ ಇಳಿಸಿಕೊಳ್ಳುವವನು ನಾನು. ಸಂಜೆ ಬಂದು ಖಾರಾ ಬನ್ ತಿನ್ನುತ್ತಾ "ಇವತ್ತು ಎಷ್ಟಾಯ್ತೋ?" ಅನ್ನುವವನು ಅವನು. ಅದಕ್ಕೆ ನನಗೇನೂ ಬೇಜಾರಿರಲಿಲ್ಲ, ಮಾತಾಗಿದ್ದೇ ಹಾಗೆ.

2025ರ ಜುಲೈ ನೆನಪಿದೆ ಅಲ್ವಾ? ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಾವಿರಾರು ಸಣ್ಣ ಅಂಗಡಿಗಳಿಗೆ ನೋಟಿಸ್ ಕಳಿಸಿತ್ತು. ಎಷ್ಟೋ ಕಡೆ ಕ್ಯೂಆರ್ ಕಿತ್ತು ಹಾಕಿ, ಕ್ಯಾಶ್ ಮಾತ್ರ ಅಂತ ಚೀಟಿ ಅಂಟಿಸಿದ್ದರು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಕೇಳೋಕೆ ದೊಡ್ಡ ಮೊತ್ತ, ಆದರೆ ದಿನಕ್ಕೆ ಹೆಚ್ಚುಕಡಿಮೆ 11 ಸಾವಿರ ಅಷ್ಟೇ. ಹಾಲು, ಬ್ರೆಡ್ಡು ಮಾರುವ ಅಂಗಡಿಯಲ್ಲಿ ಲಾಭ ಚಿಲ್ಲರೆ ಇದ್ದರೂ ವಹಿವಾಟು ಬೇಗ ಏರುತ್ತದೆ. ಹಾಲಿಗೆ, ಬ್ರೆಡ್ಡಿಗೆ ತೆರಿಗೆ ಇಲ್ಲ, ನಿಜ. ಆದರೆ ತೆರಿಗೆ ಇರುವ ಮಾಲನ್ನೂ ಜೊತೆಗೆ ಮಾರಿದರೆ 40 ಲಕ್ಷದ ಲೆಕ್ಕಕ್ಕೆ ಅವೂ ಸೇರುತ್ತವೆ.

ನನಗೂ ನೋಟಿಸ್ ಬಂತು. ಫೋಟೋ ತೆಗೆದು ಅವನಿಗೆ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ಫೋನ್ ಎತ್ತಲಿಲ್ಲ. ಮಾರನೇ ದಿನ ಒಂದು ಮೆಸೇಜ್: "ನಾನು ನಿಮಗೆ ಕೊಟ್ಟಿರುವ ಕೈಸಾಲದ ಬಾಕಿಯನ್ನು ಯಾವಾಗ ಹಿಂತಿರುಗಿಸುತ್ತೀರಿ? ದಯವಿಟ್ಟು ತಿಳಿಸಿ." ಹೈಸ್ಕೂಲಿಂದ ಜೊತೆಗೆ ಬೆಳೆದವನು! ಯಾರೋ ಪಕ್ಕದಲ್ಲಿ ಕೂತು ಹೇಳಿ ಬರೆಸಿದ ಹಾಗಿತ್ತು.

ಯಾಕೆ ಹಾಗೆ ಬರೆದ ಅನ್ನೋದು ವಕೀಲರ ಹತ್ತಿರ ಹೋದ ಮೇಲೆ ಗೊತ್ತಾಯಿತು. 1932ರ ಪಾಲುದಾರಿಕೆ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಲಾಭದಲ್ಲಿ ಪಾಲು ತಗೊಂಡ ಮಾತ್ರಕ್ಕೆ ಯಾರೂ ಪಾಲುದಾರ ಆಗಿಬಿಡುವುದಿಲ್ಲ. ಸಾಲ ಕೊಟ್ಟವನೂ ಲಾಭದಲ್ಲಿ ಪಾಲು ಪಡೆಯಬಹುದು. "ನಾನು ಬರೀ ಸಾಲ ಕೊಟ್ಟವನು" ಅನ್ನೋಕೆ ಅವನಿಗೆ ದಾರಿ ಇತ್ತು, ಆ ಮೆಸೇಜ್ ಅದಕ್ಕೆ ಮೊದಲ ಕಾಗದ.

ಹಾಗಂತ ಬಾಯಿಮಾತಿನ ಪಾಲುದಾರಿಕೆ ನಡೆಯುವುದೇ ಇಲ್ಲ ಅಂತಲ್ಲ, ನಡೆಯುತ್ತದೆ. ಆದರೆ ಅದರಿಂದ ನಮಗೆ ಲಾಭಕ್ಕಿಂತ ತೊಂದರೆಯೇ ಜಾಸ್ತಿ. 25ನೇ ಸೆಕ್ಷನ್ ಪ್ರಕಾರ ಪಾಲುದಾರಿಕೆಯ ಪೂರ್ತಿ ಸಾಲವನ್ನು ಒಬ್ಬ ಪಾಲುದಾರನಿಂದಲೇ ವಸೂಲಿ ಮಾಡಬಹುದು. ಮೈದಾ, ಡಾಲ್ಡಾ ಕೊಟ್ಟವರು ಅರ್ಧ ಅವನ ಹತ್ತಿರ ಕೇಳಿ ಅಂದರೆ ಕೇಳಲ್ಲ. ಅದೇ ನಾವು ಕರಾರಿನ ಹಕ್ಕು ಕೇಳಿ ಪಾಲುದಾರನ ಮೇಲೆ ದಾವೆ ಹಾಕಬೇಕು ಅಂದರೆ, 69ನೇ ಸೆಕ್ಷನ್ ಅಡ್ಡ ಬರುತ್ತದೆ: ಸಂಸ್ಥೆ ನೋಂದಣಿ ಆಗಿರಬೇಕು. ಉಳಿಯುವ ಮುಖ್ಯ ದಾರಿ, ಪಾಲುದಾರಿಕೆ ವಿಸರ್ಜಿಸಿ ಲೆಕ್ಕ ಕೊಡಿ ಅಂತ ಕೋರ್ಟಿಗೆ ಹೋಗೋದು. ಅದಕ್ಕೂ ಮೊದಲು ಅವನು ಪಾಲುದಾರ ಅಂತ ನಾನೇ ತೋರಿಸಬೇಕು. ನನ್ನ ಕೈಯಲ್ಲಿದ್ದದ್ದು ಹಳೇ ವಾಟ್ಸಾಪ್ ಮಾತುಗಳು, ಬ್ಯಾಂಕ್ ಸ್ಟೇಟ್‌ಮೆಂಟು.

ಆ ತಿಂಗಳ ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ಮಾಡಿ, ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ವಸೂಲಿ ಮಾಡಲ್ಲ ಅಂದರು. ನಾನು ಉಸಿರು ಬಿಟ್ಟೆ. ಅವನೂ ಬಿಟ್ಟಿರಬೇಕು, ಅದೇ ವಾರ ಅಂಗಡಿಗೆ ಬಂದ. ಎಗ್ ಪಫ್ಸ್ ಕೇಳಿ ತಗೊಂಡ. "ಟೆನ್ಷನ್‌ನಲ್ಲಿ ಏನೋ ಕಳಿಸಿಬಿಟ್ಟೆ ಮಗಾ, ಈ ತಿಂಗಳ ಪಾಲು ಯಾವಾಗ ಹಾಕ್ತೀಯಾ?" ಅಂದ. ಧೈರ್ಯ ನೋಡಿ!

ಅವನ ಮೆಸೇಜನ್ನು ಪ್ರಿಂಟ್ ಹಾಕಿಸಿ ಇಟ್ಟಿದ್ದೆ, ಅದನ್ನೇ ಮುಂದಿಟ್ಟೆ. ಸಾಲ ಅಂದ ಮೇಲೆ ಸಾಲ. ಇಲ್ಲಿವರೆಗೆ ಅವನಿಗೆ ಹಾಕಿದ್ದೆಲ್ಲ ಕೂಡಿಸಿದರೆ ಅಸಲು ಎಂದೋ ತೀರಿತ್ತು. ಸಾಕಷ್ಟು ಕೂಗಾಡಿದ. ಕೊನೆಗೆ ವಕೀಲರ ಮುಂದೆ ಕೂತು, ಓವನ್‌ಗೆ ಇಂತಿಷ್ಟು ಅಂತ ತಗೊಂಡು, ಇನ್ನು ಯಾವ ಬಾಕಿಯೂ ಇಲ್ಲ ಅಂತ ಸಹಿ ಹಾಕಿದ. ಈಗ ಇಬ್ಬರೂ ಎದುರು ಸಿಕ್ಕರೆ ರಸ್ತೆ ದಾಟುತ್ತೇವೆ.

ನನ್ನ ಹಾಗೆ ಅರ್ಧ ದಾರಿಯಲ್ಲಿರುವವರು, ಸಂಬಂಧ ಚೆನ್ನಾಗಿರುವಾಗಲೇ ಕೇಳಿ. ದುಡ್ಡು ಸಾಲವೋ, ಬಂಡವಾಳವೋ? ಸಾಲ ಅಂದರೆ ಬಡ್ಡಿ, ಕಂತು ಬರೆದುಕೊಳ್ಳಿ. ಬಂಡವಾಳ ಅಂದರೆ ಸ್ಟಾಂಪ್ ಪೇಪರ್ ಮೇಲೆ ಪಾಲುದಾರಿಕೆ ಪತ್ರ ಮಾಡಿಸಿ ನೋಂದಣಿ ಮಾಡಿಸಿ. ನಷ್ಟ, ತೆರಿಗೆ, ದಂಡ ಯಾರು ಎಷ್ಟು ಕಟ್ಟಬೇಕು, ಒಬ್ಬ ಬಿಟ್ಟು ಹೋದರೆ ಲೆಕ್ಕ ಹೇಗೆ ಅನ್ನೋದೂ ಅದರಲ್ಲಿರಲಿ. ಸಂಸ್ಥೆ ಹೆಸರಿಗೇ ಪ್ಯಾನ್, ಕರೆಂಟ್ ಅಕೌಂಟ್ ಮಾಡಿಸಿ. ಕ್ಯೂಆರ್ ಆ ಅಕೌಂಟಿನದೇ ಇರಲಿ, ನಿಮ್ಮ ಸ್ವಂತ ನಂಬರಿನದು ಬೇಡ. "ನಮ್ಮ ನಮ್ಮಲ್ಲಿ ಇದೆಲ್ಲ ಯಾಕೆ?" ಅಂತ ಗೆಳೆಯ ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ಸಹಿ ಆಗುವ ತನಕ ಅವನ ದುಡ್ಡು ಮುಟ್ಟಬೇಡಿ.